ಹೊಟ್ಟೆನೋವು ಎಂಬ ಒಂದೇ ಮಾತು

ಕನ್ನಡದಲ್ಲಿ ನೋವಿನ ಮಾತುಗಳಿಗೆ ಬಡತನವಿಲ್ಲ. ತಲೆ ಸಿಡಿಯುತ್ತದೆ, ಹಲ್ಲು ಜುಮ್ಮೆನ್ನುತ್ತದೆ, ಕಾಲು ಸೇದುತ್ತದೆ, ಬೆನ್ನಿಗೆ ಚಳುಕು ಹಿಡಿಯುತ್ತದೆ, ಗಾಯ ಚುರುಗುಟ್ಟುತ್ತದೆ. ಹೆರಿಗೆಯ ನೋವಿಗಂತೂ ಬೇನೆ ಎಂಬ ಗೌರವದ ಮಾತೇ ಇದೆ. 'ಬೇನೆ ತಿನ್ತಾ ಅವ್ಳೆ' ಎಂದರೆ ಸಾಕು, ನಮ್ಮ ಕಡೆ ಮನೆಮಂದಿಯೆಲ್ಲ ಎದ್ದು ನಿಲ್ಲುತ್ತಾರೆ. ಒಬ್ಬರು ನೀರು ಕಾಯಿಸಲು, ಒಬ್ಬರು ಆಟೋ ಕರೆಯಲು. ಆದರೆ ತಿಂಗಳು ತಿಂಗಳೂ ಬಂದು ಹೋಗುವ ಆ ನೋವಿಗೆ ಇರುವುದು ಹೊಟ್ಟೆನೋವು ಎಂಬ ಒಂದೇ ಮಾತು. ಹುಳಿ ಮಾವಿನಕಾಯಿ ತಿಂದ ಹುಡುಗನಿಗೂ ಅದೇ ಮಾತು, ಲೆಕ್ಕದ ಪರೀಕ್ಷೆ ತಪ್ಪಿಸಿಕೊಳ್ಳುವವನಿಗೂ ಅದೇ ಮಾತು. ಪತ್ರಿಕೆಯ ಒಳಪುಟದಲ್ಲಿ ಎಲ್ಲೋ ಒಂದು ಮೂಲೆಯಲ್ಲಿ, ಹೊಟ್ಟೆನೋವು ತಾಳಲಾರದೆ ಯುವತಿಯೊಬ್ಬಳು ಜೀವ ಕಳೆದುಕೊಂಡಳು ಎಂಬ ನಾಲ್ಕು ಸಾಲಿನ ಸುದ್ದಿ ಬಂದಾಗಲೂ ಅದೇ ಮಾತು. ಯಾವ ಹೊಟ್ಟೆನೋವು, ಎಷ್ಟು ವರ್ಷದಿಂದ, ಯಾರ ಹತ್ತಿರ ತೋರಿಸಿದ್ದರು ಎಂದು ಆ ಸುದ್ದಿ ಕೇಳುವುದಿಲ್ಲ. ನಾವೂ ಕೇಳುವುದಿಲ್ಲ, ಪುಟ ತಿರುಗಿಸುತ್ತೇವೆ.

ಮುಟ್ಟು ಎಂಬ ಪದವನ್ನೇ ನೋಡಿ. ತಾಕುವುದು ಎಂಬ ಅರ್ಥದ ಮಾತು ತಾಕಬಾರದು ಎಂಬ ಸ್ಥಿತಿಗೆ ಹೆಸರಾಗಿದೆ. ಅದನ್ನೂ ಬಾಯಿಬಿಟ್ಟು ಹೇಳಲು ನಾಚಿ ನಾವು ಇನ್ನಷ್ಟು ಮಾತುಗಳನ್ನು ಕಟ್ಟಿಕೊಂಡಿದ್ದೇವೆ: ಹೊರಗಾದಳು, ದೂರ ಕೂತಳು, ಕಾಗೆ ಮುಟ್ಟಿತು, ರಜಾ, ಈಗಿನ ಹುಡುಗಿಯರ ಬಾಯಲ್ಲಿ ಡೇಟು. ಇಷ್ಟೊಂದು ಮಾತುಗಳಲ್ಲಿ ಪ್ರತಿಯೊಂದೂ ಹೇಳುವುದು ಹೆಂಗಸು ಎಲ್ಲಿದ್ದಾಳೆ ಎಂಬುದನ್ನು: ಒಳಗೋ ಹೊರಗೋ, ಹತ್ತಿರವೋ ದೂರವೋ. ಅವಳಿಗೆ ಹೇಗಿದೆ ಎಂದು ಹೇಳುವ ಮಾತು ಇದರಲ್ಲಿ ಒಂದೂ ಇಲ್ಲ. ಈ ಕೊರತೆ ನಮ್ಮ ಕಲೆಯಲ್ಲಿ, ಸಾಹಿತ್ಯದಲ್ಲಿ, ಆರೋಗ್ಯದ ಪುಸ್ತಕಗಳಲ್ಲಿ ಹೇಗೆ ಹರಡಿದೆ, ಕೊನೆಗೆ ಡಾಕ್ಟರ ಎದುರಿನ ಸ್ಟೂಲಿನ ಮೇಲೆ ಅದು ಏನು ಮಾಡುತ್ತದೆ ಎಂಬುದನ್ನು ನೋಡುವುದು ಈ ಬರಹದ ಉದ್ದೇಶ.

ಮೊದಲು ಕಲ್ಲಿನಿಂದ ಆರಂಭಿಸುತ್ತೇನೆ. ಅರಸೀಕೆರೆಯವಳಾದ ನನಗೆ ಬೇಲೂರು, ಹಳೇಬೀಡು ನೆಂಟರ ಮನೆಯಿದ್ದ ಹಾಗೆ. ಶಾಲೆಯ ಮಕ್ಕಳನ್ನು ಕರೆದುಕೊಂಡು ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಚೆನ್ನಕೇಶವನ ಗುಡಿಯ ಹೊರಗೆ ಸೂರಿನ ಕೆಳಗೆ 38, ಒಳಗೆ ನವರಂಗದಲ್ಲಿ 4 ಮದನಿಕೆಯರು. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದವರು ಕೆಲವು ಮೂರ್ತಿಗಳ ಕೆಳಗೆ ಹೆಸರನ್ನೂ ಕೆತ್ತಿದ್ದಾರೆ. ಬಳಪದ ಕಲ್ಲಿನಲ್ಲಿ ಇಷ್ಟು ನವುರಾದ ಕೆಲಸ ಇನ್ನೆಲ್ಲಿದೆ? 2023ರಲ್ಲಿ ಯುನೆಸ್ಕೋ ಬೇಲೂರು, ಹಳೇಬೀಡು, ಸೋಮನಾಥಪುರಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ನಮಗೆಲ್ಲ ಹೆಮ್ಮೆಯಾಯಿತು. ಆದರೆ ವಿಮರ್ಶೆ ಹೆಮ್ಮೆಯ ಹತ್ತಿರ ನಿಂತುಬಿಟ್ಟರೆ ಅದು ಪ್ರವಾಸ ಇಲಾಖೆಯ ಕರಪತ್ರವಾಗುತ್ತದೆ. ಈ ಮದನಿಕೆಯರು ಕನ್ನಡಿ ನೋಡುತ್ತಾರೆ, ಗಿಳಿಯೊಡನೆ ಮಾತಾಡುತ್ತಾರೆ, ಬೇಟೆಯಾಡುತ್ತಾರೆ, ಮದ್ದಳೆ ಬಾರಿಸುತ್ತಾರೆ. ಒಬ್ಬಳು ಉಟ್ಟ ಬಟ್ಟೆಯಲ್ಲಿ ಸೇರಿದ್ದ ಚೇಳನ್ನು ಕೊಡವಿ ಹಾಕುತ್ತಿದ್ದಾಳೆ. ಹೊಯ್ಸಳ ಶಿಲ್ಪಿ ಹೆಣ್ಣಿನ ಮೈಗೆ ಒಪ್ಪಿಸಿದ ಸಂಕಟಗಳಲ್ಲಿ ದೊಡ್ಡದೆಂದರೆ ಈ ಚೇಳು. ಅದೂ ನೋಡುವವನಿಗೆ ಚಂದವಾಗಿ ಕಾಣಲೆಂದೇ ಬಂದ ಚೇಳು. ಸೊಂಟ ಹಿಡಿದು ಬಗ್ಗಿದವಳು ಅಲ್ಲಿಲ್ಲ. ತ್ರಿಭಂಗಿ ಎಂಬ ನಿಲುವು ಅಲ್ಲಿ ಬರೀ ಲಾಸ್ಯ.

ಹನ್ನೆರಡನೆಯ ಶತಮಾನದ ಶಿಲ್ಪಿಯನ್ನು ಇಪ್ಪತ್ತೊಂದನೆಯ ಶತಮಾನದ ತಕ್ಕಡಿಯಲ್ಲಿ ತೂಗುತ್ತೀರಾ ಎಂದು ಓದುಗರು ಕೇಳಬಹುದು. ದಾಸೋಜನ ಮೇಲೆ ನನಗೆ ದೂರಿಲ್ಲ. ಅವನನ್ನು ವಿವರಿಸಿದವರ ಮೇಲೆ ಇದೆ. 'ಸ್ತ್ರೀದೇಹದ ಸಮಗ್ರ ದರ್ಶನ' ಎಂಬಂಥ ಮಾತನ್ನು ಈ ಮೂರ್ತಿಗಳ ಬಗ್ಗೆ ಭಾಷಣಗಳಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಅದನ್ನು ಕೇಳುವಾಗ ಕೆಳಗೆ ಬಸ್ಸಿನಲ್ಲೇ ಉಳಿದ ಒಂಬತ್ತನೇ ಕ್ಲಾಸಿನ ಹುಡುಗಿ ಕಣ್ಣ ಮುಂದೆ ಬರುತ್ತಾಳೆ. ಪ್ರತಿ ಪ್ರವಾಸದಲ್ಲೂ ಅಂಥವಳೊಬ್ಬಳು ಇರುತ್ತಾಳೆ. 'ಗುಡಿಯೊಳಗೆ ಬರಬಾರದು ಮಿಸ್' ಎನ್ನುತ್ತಾಳೆ. ಬರಬಾರದು ಎನ್ನಲು ಅವಳಿಗೆ ಮಾತಿದೆ. ಬರಲಾರೆ, ಅಷ್ಟು ನೋಯುತ್ತಿದೆ ಎನ್ನಲು ಇಲ್ಲ. ಸೀಟಿನ ಕಂಬಿಗೆ ಹಣೆ ಒತ್ತಿಕೊಂಡು ಕೂತಿರುತ್ತಾಳೆ. ಸಮಗ್ರ ಎನ್ನುವ ಮಾತು ಆಡುವವರು ಒಮ್ಮೆ ಆ ಬಸ್ಸಿನ ಒಳಗೂ ಇಣುಕಬೇಕು.

ಸಾಹಿತ್ಯಕ್ಕೆ ಬರೋಣ. ನಮ್ಮ ಹಳ್ಳಿಗಳಲ್ಲಿ ರಾತ್ರಿ ಗಮಕ ಕೇಳಿ ಬೆಳೆದವರಿಗೆಲ್ಲ ದ್ರೌಪದಿಯ ಕಥೆ ಗೊತ್ತು. ಅವಳನ್ನು ಸಭೆಗೆ ಎಳೆದು ತಂದಾಗ ಅವಳು ರಜಸ್ವಲೆ, ಏಕವಸ್ತ್ರೆ. ಭಾರತದ ಕಥೆಯಲ್ಲಿ ಈ ವಿವರಕ್ಕೆ ಬಹಳ ತೂಕವಿದೆ. ದುಶ್ಶಾಸನನ ಪಾಪವನ್ನು ಅದು ಇಮ್ಮಡಿಸುತ್ತದೆ. ಆದರೆ ಗಮನಿಸಿ, ಆ ಸ್ಥಿತಿ ಅಲ್ಲಿ ಬರುವುದು ಮುಟ್ಟಬಾರದವಳನ್ನು ಮುಟ್ಟಿದರು ಎಂಬ ವಾದಕ್ಕಾಗಿ. ಧರ್ಮಸೂಕ್ಷ್ಮದ ಪ್ರಶ್ನೆ ಕೇಳುವ ಆ ದೊಡ್ಡ ಹೆಂಗಸಿಗೆ ಅಂದು ಮೈಯಲ್ಲಿ ಹೇಗಿತ್ತು ಎಂದು ಗಮಕಿಗಳೂ ಹೇಳಿದ್ದಿಲ್ಲ, ಕೇಳುತ್ತಿದ್ದ ಅಜ್ಜಿಯರೂ ಕೇಳಿದ್ದಿಲ್ಲ.

ಬೇಲೂರಿನ ಗುಡಿ ಎದ್ದ ಕೆಲವೇ ದಶಕಗಳಲ್ಲಿ ಕಲ್ಯಾಣದ ಶರಣರು ಪಂಚಸೂತಕಗಳನ್ನು ನಿರಾಕರಿಸಿದರು. ಜನನ, ಮರಣ, ಜಾತಿ, ಎಂಜಲು, ಇವುಗಳ ಜೊತೆಗೆ ರಜಸ್ಸೂತಕವನ್ನೂ ಕಿತ್ತೆಸೆದರು. ಹೆಣ್ಣಿನ ಮೈಯ ಸಹಜ ಕ್ರಿಯೆಯೊಂದು ದೇವರಿಗೆ ಅಡ್ಡಿಯಲ್ಲ ಎಂದು ಅಷ್ಟು ಹಿಂದೆಯೇ ಸಾರಿದ್ದು ಸಣ್ಣ ಸಂಗತಿಯಲ್ಲ. ಆದರೆ ಮೈಲಿಗೆಯನ್ನು ತೆಗೆದುಹಾಕಿದ ಮೇಲೆ ಉಳಿಯುವುದೇನು? ಉಳಿಯುವುದು ರಕ್ತ, ನಿತ್ರಾಣ, ನೋವು. ಅದನ್ನು ಮಾತಾಗಿಸುವ ಕೆಲಸ ಮುಂದಿನವರದಾಗಿತ್ತು. ಮುಂದಿನವರು ಸೂತಕವನ್ನು ಮತ್ತೆ ಮನೆಯೊಳಗೆ ಕರೆದುಕೊಂಡರು. ಶರಣರ ಹೆಸರು ಹೇಳುವ ಮನೆಗಳಲ್ಲೂ ಹಿತ್ತಿಲ ಕೊಠಡಿ ಉಳಿದುಕೊಂಡಿತು.

ಹೊಸಗನ್ನಡದಲ್ಲಿ ಈ ವಿಷಯಕ್ಕೆ ಹತ್ತಿರ ಬಂದ ಕೃತಿ ಎಂದರೆ ನನಗೆ ತಟ್ಟನೆ ನೆನಪಾಗುವುದು ಎಂ.ಕೆ. ಇಂದಿರಾ ಅವರ 'ಫಣಿಯಮ್ಮ'. 1976ರ ಆ ಕಾದಂಬರಿಯಲ್ಲಿ ಬಾಲವಿಧವೆ ಫಣಿ ಮೈನೆರೆಯುವುದೇ ಅವಳ ತಲೆಗೂದಲಿಗೆ ಬಂದ ಕುತ್ತು. ಬೇರೆ ಹುಡುಗಿಯರಿಗೆ ಸೋದರಮಾವ ಗುಡ್ಲು ಹಾಕಿ, ಆರತಿ ಎತ್ತಿ, ಕೊಬ್ಬರಿ ಬೆಲ್ಲ ಎಳ್ಳು ಕೊಟ್ಟು ಒಸಗೆ ಮಾಡುವ ಘಳಿಗೆ ಅವಳಿಗೆ ತೀರ್ಪಿನ ಘಳಿಗೆಯಾಗುತ್ತದೆ. ಇಂದಿರಾ ಇದನ್ನು ಎದೆ ಬಡಿದುಕೊಳ್ಳದೆ ಹೇಳುತ್ತಾರೆ; ಅದೇ ಅವರ ದೊಡ್ಡತನ. ಮುಂದೆ ಅದೇ ಫಣಿಯಮ್ಮ ಮಡಿಯನ್ನು ಬದಿಗಿಟ್ಟು ಹೆರಿಗೆಯ ಸಂಕಟದಲ್ಲಿದ್ದವಳಿಗೆ ಕೈ ಕೊಡುತ್ತಾಳೆ. ಇಲ್ಲೂ ನೋವಿಗೆ ಬೆಲೆ ಬರುವುದು ಅದು ಬೇನೆಯಾದಾಗ, ಮಗುವಿನ ಜೊತೆ ಬಂದಾಗ. ಮಗು ತಾರದ ನೋವಿಗೆ ನಮ್ಮ ದೊಡ್ಡ ಕೃತಿಗಳಲ್ಲೂ, ನಾನು ಓದಿದಷ್ಟರ ಮಟ್ಟಿಗೆ, ಜಾಗ ಕಡಿಮೆ.

ಈ ಮೌನದ ನಡುವೆ ಡಾ. ಅನುಪಮಾ ನಿರಂಜನ ಅವರ ಹೆಸರನ್ನು ಎತ್ತಿ ಹೇಳಬೇಕು. ವೈದ್ಯೆಯೂ ಕಾದಂಬರಿಗಾರ್ತಿಯೂ ಆಗಿದ್ದ ಅವರು 1991ರಲ್ಲಿ ತೀರಿಕೊಂಡರು. 'ದಾಂಪತ್ಯ ದೀಪಿಕೆ', 'ತಾಯಿ ಮಗು', 'ಕೇಳು ಕಿಶೋರಿ' ಪುಸ್ತಕಗಳು ನಮ್ಮಂಥ ಊರುಗಳಲ್ಲಿ ಮಾಡಿದ ಕೆಲಸವನ್ನು ಯಾವ ಸಾಹಿತ್ಯ ಚರಿತ್ರೆಯೂ ಸರಿಯಾಗಿ ಬರೆದಿಲ್ಲ. ನಮ್ಮ ಹಾಸ್ಟೆಲಿನಲ್ಲಿ 'ಕೇಳು ಕಿಶೋರಿ'ಗೆ ಹಳೆಯ ಪೇಪರಿನ ರಟ್ಟು ಹಾಕಿ, ಮೇಲೆ 'ಸಮಾಜ ವಿಜ್ಞಾನ' ಎಂದು ಬರೆದು ಕೈಯಿಂದ ಕೈಗೆ ದಾಟಿಸುತ್ತಿದ್ದೆವು. ತಾಯಂದಿರು ಹೇಳದ್ದನ್ನು ಆ ಪುಸ್ತಕ ಕನ್ನಡದಲ್ಲಿ, ತಲೆ ತಗ್ಗಿಸದೆ ಹೇಳಿತು. ಹೆದರಬೇಡ ಎಂದಿತು. ಹಾಗೆ ಹೇಳುವವರು ಆಗ ನಮಗೆ ಬೇರೆ ಯಾರೂ ಇರಲಿಲ್ಲ.

ಅವರ ಹಿಂದೆ ಬಂದ ವಾರಪತ್ರಿಕೆಗಳ ಪ್ರಶ್ನೋತ್ತರ ಅಂಕಣಗಳ ಬಗ್ಗೆ ಅದೇ ಮೆಚ್ಚುಗೆ ನನಗಿಲ್ಲ. ತಿಂಗಳ ಹೊಟ್ಟೆನೋವಿನ ಪ್ರಶ್ನೆ ಬಂದಾಗಲೆಲ್ಲ ಅಲ್ಲಿ ಮೂರು ಉತ್ತರಗಳು ಸುತ್ತುತ್ತಿದ್ದವು: ಇದು ಸಹಜ, ವ್ಯಾಯಾಮ ಮಾಡಿ, ಮದುವೆಯಾಗಿ ಒಂದು ಮಗುವಾದರೆ ಸರಿಹೋಗುತ್ತದೆ. ಮೊದಲ ಎರಡು ಅರ್ಧ ಸತ್ಯ, ಮೂರನೆಯದು ಅಪಾಯದ ಮಾತು. ಎಷ್ಟು ನೋವು ಸಹಜ, ಎಲ್ಲಿಂದಾಚೆಗೆ ಅಲ್ಲ ಎಂಬ ಗೆರೆಯನ್ನು ಆ ಉತ್ತರಗಳು ಎಳೆಯಲಿಲ್ಲ. ಗೆರೆಯಿಲ್ಲದ ಕಡೆ ಎಲ್ಲವೂ ಸಹಜವಾಗುತ್ತದೆ. ಇನ್ನೊಂದು ಮಾತು. 'ಕೇಳು ಕಿಶೋರಿ' ಎಂಬ ಹೆಸರಿನಲ್ಲೇ ಹುಡುಗಿಯ ಕೆಲಸ ಕೇಳುವುದು. ಆ ಕಾಲಕ್ಕೆ ಅದು ಬೇಕಿತ್ತು. ಅವಳಿಗೆ ಏನೂ ಗೊತ್ತಿರಲಿಲ್ಲ. ಅನಂತರ ನಮಗೆ ಬೇಕಾಗಿದ್ದದ್ದು 'ಹೇಳು ಕಿಶೋರಿ' ಎನ್ನುವ ಇನ್ನೊಂದು ಪುಸ್ತಕ. ಅದನ್ನು ಯಾರೂ ಬರೆಯಲಿಲ್ಲ.

ಅಂಥ ಪುಸ್ತಕವಿಲ್ಲದ್ದರ ಬೆಲೆ ಎಷ್ಟೆಂದು ನನಗೆ ಗೊತ್ತಿರುವುದು ನನ್ನ ಮೈಯಿಂದ. ಹದಿಮೂರಕ್ಕೆ ಶುರುವಾದದ್ದು. ಅಜ್ಜಿ ಇಟ್ಟಿಗೆ ಕಾಯಿಸಿ ಬಟ್ಟೆ ಸುತ್ತಿ ಹೊಟ್ಟೆಯ ಮೇಲಿಡುತ್ತಿದ್ದಳು. ಓಂಕಾಳಿನ ಕಷಾಯ ಕುಡಿಸುತ್ತಿದ್ದಳು. ಅಜ್ಜಿಯ ಇಟ್ಟಿಗೆಯನ್ನು ಯಾರೂ ಹಾಸ್ಯ ಮಾಡಬಾರದು, ಶಾಖದಿಂದ ಈ ನೋವು ಇಳಿಯುವುದು ನಿಜ. ಆದರೆ ನನ್ನದು ಇಟ್ಟಿಗೆಗೆ ಬಗ್ಗುವ ನೋವಾಗಿರಲಿಲ್ಲ. ವಾಂತಿ, ಬೆವರು, ಎರಡು ದಿನ ಕಾಲೇಜಿಲ್ಲ. ಒಬ್ಬ ಡಾಕ್ಟರರ ಹತ್ತಿರ ಅಮ್ಮ ಕರೆದುಕೊಂಡು ಹೋದಳು. ಅವರು ನನ್ನನ್ನು ನೋಡದೆ ಅಮ್ಮನನ್ನು ಕೇಳಿದರು: 'ಮದುವೆ ಯಾವಾಗ ಮಾಡ್ತೀರಮ್ಮ?' ಇನ್ನೊಬ್ಬರು, ಮದುವೆಯಾಗದ ಹುಡುಗಿಗೆ ಅದೂ ಇದೂ ಪರೀಕ್ಷೆ ಯಾಕೆ ಎಂದರು. ಲೇಡಿ ಡಾಕ್ಟರ ಬಾಗಿಲಲ್ಲಿ ನಿಂತ ಕನ್ಯೆಯನ್ನು ಕಂಡರೆ ಊರು ಏನು ಮಾತಾಡುತ್ತದೆ ಎಂದು ಅಮ್ಮನಿಗೂ ಅಂಜಿಕೆ. ಹಾಗಾಗಿ ಔಷಧಿ ಅಂಗಡಿಯವನೇ ನನಗೆ ಡಾಕ್ಟರಾದ. ಚೀಟಿ ಕೇಳದೆ, ಮುಖ ನೋಡದೆ, ಮಾತ್ರೆಯನ್ನು ಪೇಪರಿನಲ್ಲಿ ಸುತ್ತಿ ಕೊಡುತ್ತಿದ್ದ. ಮದುವೆಯೂ ಆಯಿತು. ನೋವು ಗಂಡನ ಮನೆಗೂ ನನ್ನ ಜೊತೆ ಬಂತು.

ಮೂವತ್ತು ದಾಟಿದ ಮೇಲೆ ಒಬ್ಬ ವೈದ್ಯೆ ನನ್ನನ್ನು ಎದುರಿಗೆ ಕೂರಿಸಿಕೊಂಡು, 'ಹೇಗೆ ನೋಯುತ್ತೆ, ನಿಮ್ಮ ಮಾತಲ್ಲೇ ಹೇಳಿ' ಎಂದರು. ನನ್ನ ಬಾಯಿಗೆ ಬಂದದ್ದು ಅಜ್ಜಿಯ ಮಾತುಗಳು. ಒಳಗೆ ಯಾರೋ ಒದ್ದೆ ಬಟ್ಟೆ ಹಿಂಡಿದ ಹಾಗೆ. ಕರುಳು ಕಿವುಚಿದ ಹಾಗೆ. ತೊಡೆ ಸೇದುತ್ತೆ, ಸೊಂಟ ಕಳಚಿ ಬಿದ್ದ ಹಾಗಾಗುತ್ತೆ, ಆ ದಿನಗಳಲ್ಲಿ ಕಕ್ಕಸಿಗೆ ಕೂತರೆ ಚೂರಿ ಹಾಕಿದ ಹಾಗೆ. ಕೊನೆಯ ಮಾತು ಕೇಳಿ ಅವರು ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿದರು. ಅಲ್ಲಿಂದ ಸ್ಕ್ಯಾನ್, ಬೆಂಗಳೂರು, ಹೊಟ್ಟೆಗೆ ಸಣ್ಣ ರಂಧ್ರ ಮಾಡಿ ನೋಡುವ ಲ್ಯಾಪರೊಸ್ಕೋಪಿ. ಎಂಡೊಮೆಟ್ರಿಯೋಸಿಸ್ ಎಂಬ ಹೆಸರು ಸಿಕ್ಕಿತು.

ಇದರ ವಿವರವನ್ನು ಸ್ವಲ್ಪ ಹೇಳಬೇಕು, ಏಕೆಂದರೆ ಕನ್ನಡದಲ್ಲಿ ಹೇಳುವವರು ಕಡಿಮೆ. ಮುಟ್ಟಿನ ಸಮಯದಲ್ಲಿ ಗರ್ಭಕೋಶದ ಒಳಪದರ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕಗಳನ್ನು ಬಿಡುತ್ತದೆ. ಅವು ಗರ್ಭಕೋಶದ ಸ್ನಾಯುವನ್ನು ಹಿಂಡುತ್ತವೆ. ಹೆಚ್ಚಾದರೆ ಹಿಂಡುವಿಕೆ ಬಿಗಿಯಾಗಿ, ಸ್ನಾಯುವಿಗೆ ರಕ್ತ ಸಾಲದೆ ನೋವಾಗುತ್ತದೆ. ಒದ್ದೆ ಬಟ್ಟೆ ಹಿಂಡಿದ ಹಾಗೆ ಎಂದ ಅಜ್ಜಿ ತಪ್ಪು ಹೇಳಿರಲಿಲ್ಲ. ಪ್ರೊಸ್ಟಗ್ಲಾಂಡಿನ್‌ಗಳ ಶೋಧಕ್ಕೆ 1982ರಲ್ಲಿ ಬೆರ್ಗ್‌ಸ್ಟ್ರೋಮ್, ಸ್ಯಾಮುಯೆಲ್‌ಸನ್, ವೇನ್ ಎಂಬ ಮೂವರಿಗೆ ನೊಬೆಲ್ ಬಂತು. ಐಬುಪ್ರೊಫೆನ್, ಮೆಫೆನಮಿಕ್ ಆಸಿಡ್ ಮಾತ್ರೆಗಳು ಈ ರಾಸಾಯನಿಕಗಳ ಉತ್ಪತ್ತಿಯನ್ನೇ ತಗ್ಗಿಸುತ್ತವೆ. ಆದ್ದರಿಂದ ನೋವು ತಲೆಗೇರಿದ ಮೇಲೆ ನುಂಗುವುದಕ್ಕಿಂತ ಶುರುವಿನಲ್ಲೇ ತೆಗೆದುಕೊಂಡರೆ ಹೆಚ್ಚು ಗುಣ. ಹಾಗೆಂದು ಅಂಗಡಿಯವನ ಕೈಗೆ ಮೈ ಒಪ್ಪಿಸಬಾರದು: ಮೆಫೆನಮಿಕ್ ಆಸಿಡ್‌ನಿಂದ ಅಪರೂಪಕ್ಕೆ ತೀವ್ರ ಅಲರ್ಜಿ ಆಗಬಹುದೆಂದು 2023ರ ಕೊನೆಯಲ್ಲಿ ಭಾರತದ ಔಷಧಕೋಶ ಆಯೋಗವೇ ಎಚ್ಚರಿಕೆ ಕೊಟ್ಟಿದೆ.

ಎಂಡೊಮೆಟ್ರಿಯೋಸಿಸ್ ಬೇರೆ ಕಥೆ. ಗರ್ಭಕೋಶದ ಒಳಪದರದಂಥದೇ ಅಂಗಾಂಶ ಗರ್ಭಕೋಶದ ಹೊರಗೆ, ಅಂಡಾಶಯದ ಮೇಲೆ, ಕರುಳಿನ ಬಳಿ ಬೆಳೆಯುತ್ತದೆ. ಉರಿಯೂತ, ಅಂಟು, ಕೆಲವರಿಗೆ ಬಂಜೆತನ. ಸಂತಾನವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 10, ಅಂದರೆ ಲೋಕದಲ್ಲಿ ಹತ್ತಿರ ಹತ್ತಿರ 19 ಕೋಟಿ ಜನಕ್ಕೆ ಇದು ಇದೆಯೆಂದೂ, ಪತ್ತೆಯಾಗಲು 4ರಿಂದ 12 ವರ್ಷ ಹಿಡಿಯುತ್ತದೆಂದೂ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಪೂರ್ತಿ ವಾಸಿ ಮಾಡುವ ಮದ್ದಿಲ್ಲ. ಹಾರ್ಮೋನ್ ಮಾತ್ರೆ, ಬೇಕಾದಾಗ ಶಸ್ತ್ರಚಿಕಿತ್ಸೆಗಳಿಂದ ಹತೋಟಿಗೆ ತರಬಹುದು. ಮದುವೆ ಇದಕ್ಕೆ ಔಷಧಿಯಲ್ಲ. ಸಾಧಾರಣ ಸ್ಕ್ಯಾನಿನಲ್ಲಿ ಕಾಣದೆಯೂ ಇರಬಹುದಾದ ಈ ಕಾಯಿಲೆಗೆ ಮೊದಲ ಪರೀಕ್ಷೆ ಎಂದರೆ ಹೆಂಗಸು ಹೇಳುವ ಮಾತು. ಇಲ್ಲಿಗೆ ನನ್ನ ವಾದ ಬಂದು ನಿಲ್ಲುತ್ತದೆ: ಹೊಟ್ಟೆನೋವು ಎಂಬ ಒಂದೇ ಮಾತು ಕಲಿಸಿದ ಸಂಸ್ಕೃತಿ ಆ ಮೊದಲ ಪರೀಕ್ಷೆಯನ್ನೇ ಕೆಡಿಸಿಬಿಡುತ್ತದೆ.

ಕೇಳದೆ ಬಿಡುವುದು ಒಂದು ತುದಿಯಾದರೆ, ಇನ್ನೊಂದು ತುದಿ ಕೇಳದೆ ಕೊಯ್ಯುವುದು. 2015ರಲ್ಲಿ ಕಲಬುರಗಿ ಜಿಲ್ಲೆಯ ತಾಂಡಾಗಳ ಹೆಂಗಸರ ಸಂಗತಿಯನ್ನು ಕರ್ನಾಟಕ ಜನಾರೋಗ್ಯ ಚಳುವಳಿಯವರು ಬೆಳಕಿಗೆ ತಂದರು. ಹೊಟ್ಟೆನೋವು, ಬಿಳಿಸೆರಗು, ಹೆಚ್ಚು ರಕ್ತಸ್ರಾವ ಎಂದು ಖಾಸಗಿ ಆಸ್ಪತ್ರೆಗೆ ಹೋದ ಲಂಬಾಣಿ ಮತ್ತು ದಲಿತ ಹೆಂಗಸರಿಗೆ ಕ್ಯಾನ್ಸರಿನ ಹೆದರಿಕೆ ಹುಟ್ಟಿಸಿ ಗರ್ಭಕೋಶ ತೆಗೆದಿದ್ದರು. ಅನೇಕರಿಗೆ ಇನ್ನೂ ಮೂವತ್ತೈದೂ ಆಗಿರಲಿಲ್ಲ. ಬೇರೆ ರಾಜ್ಯಗಳ ಇಂಥದೇ ದೂರಿನ ಮೇಲೆ 2023ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು, ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯುವ ಕೇಂದ್ರದ ಮಾರ್ಗಸೂಚಿಗಳನ್ನು ಎಲ್ಲ ರಾಜ್ಯಗಳೂ ಅಳವಡಿಸಿಕೊಳ್ಳಬೇಕೆಂದು ಹೇಳಿತು. ಇಪ್ಪತ್ತರಲ್ಲಿ 'ಸಹಜ' ಎನ್ನಿಸಿಕೊಂಡ ನೋವು ಮೂವತ್ತರಲ್ಲಿ 'ತೆಗೆದುಬಿಡೋಣ' ಆಗುತ್ತದೆ. ಎರಡರಲ್ಲೂ ಹೆಂಗಸಿನ ಮಾತಿಗೆ ಬಿಡುವಿಲ್ಲ. ಗರ್ಭಕೋಶದ ಹೊರಗೆ ಬೆಳೆದ ಕಾಯಿಲೆಗೆ ಗರ್ಭಕೋಶ ತೆಗೆದರೂ ನೋವು ಉಳಿಯಬಹುದು ಎಂಬುದನ್ನು ಅವರಿಗೆ ಯಾರು ಹೇಳಿದ್ದರು?

2025ರ ಅಕ್ಟೋಬರಿನಲ್ಲಿ ಕರ್ನಾಟಕದ ಸಚಿವ ಸಂಪುಟ ದುಡಿಯುವ ಹೆಂಗಸರಿಗೆ ತಿಂಗಳಿಗೊಂದರಂತೆ ವರ್ಷಕ್ಕೆ 12 ದಿನ ಸಂಬಳಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಿತು. ಸರ್ಕಾರಿ ಕಚೇರಿಗಳ ಜೊತೆ ಖಾಸಗಿ ಕಾರ್ಖಾನೆಗಳೂ ಸೇರಿದವು. ಸ್ಟಾಫ್ ರೂಮಿನಲ್ಲಿ ಇದರ ಬಗ್ಗೆ ನಗೆಚಾಟಿಕೆ ನಡೆದದ್ದುಂಟು. ನಾನು ಇದನ್ನು ಸ್ವಾಗತಿಸುತ್ತೇನೆ. ನಿಂತು ಹೊಲಿಗೆ ಯಂತ್ರ ನೋಡಿಕೊಳ್ಳುವ ಗಾರ್ಮೆಂಟ್ಸ್ ಹುಡುಗಿಗೆ ಆ ಒಂದು ದಿನ ಎಷ್ಟು ದೊಡ್ಡದೆಂದು ನಗುವವರಿಗೆ ಗೊತ್ತಿಲ್ಲ. ಆದರೂ ವಿಮರ್ಶೆಯ ಕಣ್ಣಿಗೆ ಒಂದು ಸಂಶಯ ಕಾಣುತ್ತದೆ. ಹೆಂಗಸನ್ನು ಆ ದಿನಗಳಲ್ಲಿ ಕೆಲಸದಿಂದ ಬಿಡಿಸಿ ಬದಿಗೆ ಕೂರಿಸುವುದು ನಮಗೆ ಹೊಸದಲ್ಲ. ನಮ್ಮ ಸುತ್ತಿನ ಗೊಲ್ಲರಹಟ್ಟಿಗಳಲ್ಲಿ ಊರಾಚೆಯ ಗುಡಿಸಲಿತ್ತು; 2023ರಲ್ಲಿ ತುಮಕೂರಿನ ಬಳಿಯ ಹಟ್ಟಿಯೊಂದರಲ್ಲಿ ಹಾಗೆ ಹೊರಗಿದ್ದ ಬಾಣಂತಿಯ ಕೂಸು ತೀರಿಕೊಂಡದ್ದು ಎಲ್ಲರಿಗೂ ಗೊತ್ತು. ಹಟ್ಟಿಯವರನ್ನು ಮಾತ್ರ ಬೆರಳು ಮಾಡಿ ತೋರಿಸುವುದು ನ್ಯಾಯವಲ್ಲ. ಪೇಟೆಯ ಮನೆಗಳ ಹಿತ್ತಿಲ ಕೊಠಡಿಯೂ ಅದೇ ಗುಡಿಸಲಿನ ತಂಗಿ. ರಜೆ ಬಿಡುವು ಕೊಡುತ್ತದೆ, ಚಿಕಿತ್ಸೆ ಕೊಡುವುದಿಲ್ಲ. ಪ್ರತಿ ತಿಂಗಳೂ ಆ ಒಂದು ದಿನವನ್ನು ಮಲಗಿ ನರಳಿ ಕಳೆಯುವವಳನ್ನು ಯಾರಾದರೂ ಯಾಕೆ ಎಂದು ಕೇಳಬೇಕು. ಹಾಗೆ ಕೇಳದ ರಜೆ, ಸಂಬಳ ಬರುವ ಹಿತ್ತಿಲ ಕೊಠಡಿಯಾಗಿ ಉಳಿಯುತ್ತದೆ.

ಹಾಗಾದರೆ ಬರೆಯುವವರು ಮಾಡಬೇಕಾದದ್ದೇನು? ಮೊದಲು ಗೆರೆ ಎಳೆಯಬೇಕು. ಮಾತ್ರೆ ತಗೊಂಡರೂ ಶಾಲೆ, ಕೆಲಸ ತಪ್ಪುತ್ತಿದ್ದರೆ, ನೋವು ವರ್ಷದಿಂದ ವರ್ಷಕ್ಕೆ ಏರುತ್ತಿದ್ದರೆ, ಮುಟ್ಟಿಲ್ಲದ ದಿನಗಳಲ್ಲೂ ಇದ್ದರೆ, ಮಲಮೂತ್ರಕ್ಕೆ ಹೋದಾಗ ಅಥವಾ ಗಂಡನ ಜೊತೆ ಇದ್ದಾಗ ನೋಯುತ್ತಿದ್ದರೆ ಅದು ಸಹಜವಲ್ಲ, ತೋರಿಸಬೇಕು ಎಂದು ದಪ್ಪಕ್ಷರದಲ್ಲಿ ಬರೆಯಬೇಕು. ಎರಡನೆಯದು, ಹೇಳುವ ಮಾತನ್ನು ಕಲಿಸಬೇಕು. ನಾನು ಈಗ ನನ್ನ ತರಗತಿಯ ಹುಡುಗಿಯರಿಗೆ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ತಾರೀಕು, ಎಷ್ಟು ದಿನ, ಎಷ್ಟು ಪ್ಯಾಡು, ಯಾವ ಮಾತ್ರೆ, ನೋವು ಎಲ್ಲಿ ಎಂದು ಬರೆದಿಡಲು ಹೇಳುತ್ತೇನೆ. ಹೇಗೆ ನೋಯುತ್ತದೆ ಎಂಬ ಕಾಲಂಗೆ ಮಾತ್ರ ಪುಸ್ತಕದ ಕನ್ನಡ ಬೇಡ, ಮನೆಯಲ್ಲಿ ಅಜ್ಜಿಯನ್ನು ಕೇಳಿಕೊಂಡು ಬನ್ನಿ ಎನ್ನುತ್ತೇನೆ.

ಅವರು ತಂದ ಮಾತುಗಳನ್ನು ನಾನು ಕೂಡಿಡುತ್ತಿದ್ದೇನೆ. ಹಿಂಡ್ತದೆ, ಕಿವುಚ್ತದೆ, ಜಗ್ತದೆ, ಸೇದ್ತದೆ, ಕುಕ್ತದೆ, ಒಳಗಿಂದ ಸಿಬಿರು ಎಳೆದಂಗಾಯ್ತದೆ, ಬಾವಿಗೆ ಕೊಡ ಬಿಟ್ಟಂಗೆ ಕೆಳಕ್ಕೆ ಎಳೀತದೆ. ಒಂದೊಂದೂ ಡಾಕ್ಟರಿಗೆ ಒಂದೊಂದು ದಾರಿ ತೋರಿಸುವ ಮಾತು. ನಿಘಂಟು ಮಾಡುವ ಪಂಡಿತರು, ಆಸ್ಪತ್ರೆಯ ಕೇಸ್ ಶೀಟು ಅಚ್ಚು ಹಾಕಿಸುವ ಇಲಾಖೆಯವರು ಯಾರು ಕೇಳಿದರೂ ಈ ಪಟ್ಟಿಯನ್ನು ಕೊಡಲು ನಾನು ಸಿದ್ಧಳಿದ್ದೇನೆ.